ಅನ್ವಯಿಕ ಭೌತವಿಜ್ಞಾನದ ತಂತ್ರಜ್ಞ: ಈ ಕೆಲಸ ಏನು, ಕಲಿಯುವುದು ಹೇಗೆ?

ತಮಿಳುನಾಡಿನ ಜವ್ವಾದು ಬೆಟ್ಟಗಳ ನಡುವೆ ಕಾವಲೂರು ಅಂತ ಒಂದು ಊರಿದೆ. ಅಲ್ಲಿ ವೈನು ಬಪ್ಪು ದೂರದರ್ಶಕ ಇದೆ. ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆ ಅದನ್ನು ನಡೆಸುತ್ತದೆ. ಅದರ ಮುಖ್ಯ ಕನ್ನಡಿಯ ಅಗಲ 2.34 ಮೀಟರ್. ಆ ಗಾಜನ್ನು ಉಜ್ಜಿ ಪಾಲಿಶ್ ಮಾಡಿದ್ದು ಬೆಂಗಳೂರಿನಲ್ಲೇ. ಆದರೆ ನಕ್ಷತ್ರದ ಬೆಳಕನ್ನು ಹಿಂದಕ್ಕೆ ಕಳಿಸುವುದು ಗಾಜಲ್ಲ, ಅದರ ಮೇಲೆ ಕೂತಿರುವ ಅಲ್ಯೂಮಿನಿಯಂ ಪದರ. ಇಂಥ ಪದರದ ದಪ್ಪ ಸುಮಾರು 100 ನ್ಯಾನೋಮೀಟರ್, ಅಂದರೆ ನಮ್ಮ ತಲೆಕೂದಲಿನ ದಪ್ಪದ ನೂರಾರು ಪಾಲಿನಲ್ಲಿ ಒಂದು ಪಾಲು. ಧೂಳು, ಇಬ್ಬನಿ, ಮಳೆಗಾಲದ ತೇವ ಸೇರಿ ಈ ಪದರ ನಿಧಾನವಾಗಿ ಮಂಕಾಗುತ್ತದೆ. ಆಗ ಟನ್‌ಗಟ್ಟಲೆ ತೂಕದ ಕನ್ನಡಿಯನ್ನು ಕೆಳಗಿಳಿಸಬೇಕು. ಹಳೆ ಪದರವನ್ನು ತೊಳೆದು ತೆಗೆಯಬೇಕು. ಆಮೇಲೆ ದೊಡ್ಡ ಉಕ್ಕಿನ ಛೇಂಬರ್ ಒಳಗಿಟ್ಟು, ಗಾಳಿಯನ್ನೆಲ್ಲ ಹೊರಗೆ ತೆಗೆದು, ಹೊಸ ಪದರ ಕೂರಿಸಬೇಕು.

ಈ ಕೆಲಸ ಒಮ್ಮೆ ಕೆಟ್ಟರೆ ದೂರದರ್ಶಕ ಕುರುಡಾಗುತ್ತದೆ. ಇದನ್ನು ಮಾಡುವವರ ಹೆಸರು ಸಂಶೋಧನಾ ಪ್ರಬಂಧದ ಮೊದಲ ಸಾಲಿನಲ್ಲಿ ಬರುವುದು ಕಡಿಮೆ. ಅವರು ಭೌತವಿಜ್ಞಾನವನ್ನು ಕೈಯಲ್ಲಿ ಮಾಡುವವರು: ನಿರ್ವಾತ, ಶೈತ್ಯ, ಲೇಸರ್, ವಿಕಿರಣ, ಸೂಕ್ಷ್ಮ ಅಳತೆ ಇವುಗಳನ್ನೆಲ್ಲ ಯಂತ್ರವಾಗಿ ನಿಲ್ಲಿಸಿ, ನಡೆಸಿ, ಕೆಟ್ಟಾಗ ಸರಿ ಮಾಡುವವರು. ಇವರನ್ನೇ ಅನ್ವಯಿಕ ಭೌತವಿಜ್ಞಾನದ ತಂತ್ರಜ್ಞರು ಅನ್ನುವುದು. ವಿಜ್ಞಾನಿಗಿಂತ ಒಂದು ಮೆಟ್ಟಿಲು ಕೆಳಗಿನ ಕೆಲಸ ಅಂತ ಇದನ್ನು ನೋಡುವ ರೂಢಿ ನಮ್ಮಲ್ಲಿದೆ. ಅದು ತಪ್ಪು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಏಕೆ ಅನ್ನುವುದಕ್ಕೆ ಒಂದೇ ಒಂದು ವಿಷಯವನ್ನು ಹತ್ತಿರದಿಂದ ನೋಡೋಣ. ವ್ಯಾಕ್ಯೂಮ್, ಅಂದರೆ ನಿರ್ವಾತ.

ಗಾಳಿಯನ್ನು ಯಾಕೆ ತೆಗೆಯಬೇಕು? ನಮ್ಮ ಸುತ್ತಲಿನ ಗಾಳಿಯಲ್ಲಿ ಒಂದು ಅಣು ಇನ್ನೊಂದಕ್ಕೆ ಡಿಕ್ಕಿ ಹೊಡೆಯದೆ ಸಾಗುವ ಸರಾಸರಿ ದೂರ ಸುಮಾರು 70 ನ್ಯಾನೋಮೀಟರ್ ಅಷ್ಟೇ. ಕಾಯಿಸಿ ಆವಿ ಮಾಡಿದ ಅಲ್ಯೂಮಿನಿಯಂ ಪರಮಾಣು ಇಷ್ಟು ಇಕ್ಕಟ್ಟಿನಲ್ಲಿ ಕನ್ನಡಿಯವರೆಗೆ ಹೋಗುವುದೇ ಇಲ್ಲ. ಹೋದರೂ ದಾರಿಯಲ್ಲೇ ಆಮ್ಲಜನಕ ಹಿಡಿದುಕೊಳ್ಳುತ್ತದೆ. ಹೊರಗಿನ ಗಾಳಿಯ ಒತ್ತಡ ಸುಮಾರು 1000 ಮಿಲಿಬಾರ್. ಅದನ್ನು ಒಂದು ಮಿಲಿಬಾರ್‌ನ ಲಕ್ಷದ ಒಂದು ಪಾಲಿಗೆ ಇಳಿಸಿದರೆ ಅದೇ ದೂರ ಆರೇಳು ಮೀಟರ್ ಆಗುತ್ತದೆ. ಈಗ ಪರಮಾಣು ನೇರವಾಗಿ ಹಾರಿ ಗಾಜಿಗೆ ಅಂಟಿಕೊಳ್ಳಬಹುದು. ಲ್ಯಾಬ್‌ನವರು ಈ ಒತ್ತಡವನ್ನು ಹತ್ತರ ಘಾತದಲ್ಲಿ ಹೇಳುತ್ತಾರೆ. "ಮೈನಸ್ ಐದಕ್ಕೆ ಬಂತಾ?" ಅಂತ ಒಬ್ಬರು ಇನ್ನೊಬ್ಬರನ್ನು ಕೇಳಿದರೆ ಇದೇ ಅರ್ಥ.

ಅಲ್ಲಿಗೆ ಹೋಗುವುದು ಒಂದೇ ಪಂಪ್‌ನಿಂದ ಆಗುವ ಮಾತಲ್ಲ. ಮೊದಲು ರೋಟರಿ ಪಂಪ್ ಗಾಳಿಯ ಬಹುಪಾಲನ್ನು ಎಳೆಯುತ್ತದೆ. ಅದು ಸುಸ್ತಾಗುವ ಹೊತ್ತಿಗೆ ಡಿಫ್ಯೂಷನ್ ಪಂಪ್ ಅಥವಾ ಟರ್ಬೋ ಪಂಪ್ ಕೆಲಸ ವಹಿಸಿಕೊಳ್ಳುತ್ತದೆ. ಸಣ್ಣ ಟರ್ಬೋ ಪಂಪ್‌ನ ರೆಕ್ಕೆಗಳು ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ತಿರುಗುತ್ತವೆ. ಆ ವೇಗದಲ್ಲಿ ಯಾರಾದರೂ ತಪ್ಪು ವಾಲ್ವ್ ತೆರೆದು ಒಮ್ಮೆಲೇ ಗಾಳಿ ನುಗ್ಗಿಸಿದರೆ ರೆಕ್ಕೆಗಳು ಪುಡಿಯಾಗುವುದೂ ಉಂಟು. ಡಿಫ್ಯೂಷನ್ ಪಂಪ್ ಆದರೆ ಒಳಗಿನ ಬಿಸಿ ಎಣ್ಣೆ ಸುಟ್ಟು ಹಾಳಾಗುತ್ತದೆ, ಅದರ ಆವಿ ಛೇಂಬರ್‌ಗೂ ಬರುತ್ತದೆ. ಹಾಗಾಗಿ ಹೊಸಬರಿಗೆ ಮೊದಲು ಕಲಿಸುವುದು ವಾಲ್ವ್‌ಗಳ ಕ್ರಮ. ಯಾವುದು ಮೊದಲು, ಯಾವುದು ಆಮೇಲೆ, ಕರೆಂಟು ಹೋದರೆ ಯಾವುದನ್ನು ತಕ್ಷಣ ಮುಚ್ಚಬೇಕು. ನಮ್ಮ ಕಡೆ ಕರೆಂಟು ಹೋಗುವುದು ಅಪರೂಪದ ಘಟನೆಯಲ್ಲ, ಅಲ್ವಾ? ರೋಟರಿ ನಿಂತಾಗ ಅದರ ಎಣ್ಣೆ ಹಿಂದಕ್ಕೆ ಎಳೆದುಕೊಂಡು ಪೈಪಿಗೆ ಏರಬಹುದು. ಅದನ್ನು ತಡೆಯುವ ವಾಲ್ವ್ ಇಲ್ಲದ ಹಳೆ ಸಿಸ್ಟಂ ಆದರೆ ತಂತ್ರಜ್ಞರು ಓಡಿ ಹೋಗಿ ಪಂಪ್‌ಗೆ ಗಾಳಿ ಬಿಡಬೇಕು.

ಇಷ್ಟೆಲ್ಲ ಸರಿಯಾಗಿ ಮಾಡಿಯೂ ಒಂದೊಂದು ದಿನ ಒತ್ತಡ ತೋರಿಸುವ ಗೇಜ್‌ನ ಮುಳ್ಳು ಇಳಿಯದೆ ನಿಂತುಬಿಡುತ್ತದೆ. ಈ ಕೆಲಸದ ನಿಜವಾದ ಬುದ್ಧಿ ಬೇಕಾಗುವುದು ಆಗ.

ಮೊದಲ ಪ್ರಶ್ನೆ: ಗಾಳಿ ಹೊರಗಿನಿಂದ ಬರುತ್ತಿದೆಯಾ, ಒಳಗಿನಿಂದಲೇ ಹುಟ್ಟುತ್ತಿದೆಯಾ? ಇದನ್ನು ತಿಳಿಯಲು ಒಂದು ಸರಳ ಪರೀಕ್ಷೆ ಇದೆ. ಪಂಪ್ ಕಡೆಯ ವಾಲ್ವ್ ಮುಚ್ಚಿ, ಗಡಿಯಾರ ಹಿಡಿದು ಕೂರುವುದು. ಛೇಂಬರ್‌ನ ಅಳತೆ 50 ಲೀಟರ್ ಅಂದುಕೊಳ್ಳಿ. 100 ಸೆಕೆಂಡಿನಲ್ಲಿ ಒತ್ತಡ 0.002 ಮಿಲಿಬಾರ್ ಏರಿತು. 50ನ್ನು 0.002ರಿಂದ ಗುಣಿಸಿ 100ರಿಂದ ಭಾಗಿಸಿದರೆ 0.001 ಬರುತ್ತದೆ. ಅಂದರೆ ಸೆಕೆಂಡಿಗೆ 0.001 ಮಿಲಿಬಾರ್-ಲೀಟರ್‌ನಷ್ಟು ಗಾಳಿ ಒಳಗೆ ಸೇರುತ್ತಿದೆ. ಇನ್ನೂ ಸ್ವಲ್ಪ ಹೊತ್ತು ಕೂತು, ಪ್ರತಿ ಹತ್ತು ಸೆಕೆಂಡಿಗೊಮ್ಮೆ ರೀಡಿಂಗ್ ಬರೆದು ಗ್ರಾಫ್ ಹಾಕಿ. ಗೆರೆ ಒಂದೇ ಸಮನೆ ನೇರವಾಗಿ ಏರುತ್ತಾ ಹೋದರೆ ಎಲ್ಲೋ ನಿಜವಾದ ತೂತು ಇದೆ. ಮೊದಲು ಜೋರಾಗಿ ಏರಿ ಆಮೇಲೆ ಬಾಗಿ ಮಟ್ಟಸವಾಗುತ್ತಾ ಬಂದರೆ ತೂತಿಲ್ಲ, ಒಳಗೋಡೆಗೆ ಅಂಟಿದ ನೀರಿನ ತೇವ ಬಿಟ್ಟುಕೊಳ್ಳುತ್ತಿದೆ. ಮಳೆಗಾಲದಲ್ಲಿ ಛೇಂಬರ್ ತೆರೆದಿಟ್ಟು ಕೆಲಸ ಮಾಡಿದರೆ ಹೀಗಾಗುವುದು ಜಾಸ್ತಿ. ಅದಕ್ಕೆ ಮದ್ದು ಬೇರೆ: ಗೋಡೆಯನ್ನು ಬಿಸಿ ಮಾಡಿ ತೇವ ಓಡಿಸುವುದು, ಮುಂದಿನ ಸಲ ತೆರೆಯುವಾಗ ಹೊರಗಿನ ಗಾಳಿಯ ಬದಲು ಒಣ ಸಾರಜನಕ ತುಂಬುವುದು. ಬರಿಗೈಯಲ್ಲಿ ಒಳಗೆ ಮುಟ್ಟಿದ ಒಂದು ಬೆರಳಚ್ಚು ಕೂಡ ಗಂಟೆಗಟ್ಟಲೆ ಆವಿ ಬಿಡುತ್ತದೆ. ಗ್ಲೌಸ್ ಹಾಕಿ ಅಂತ ಹಿರಿಯರು ಗದರುವುದು ಅದಕ್ಕೇ.

ತೂತು ಇದೆ ಅಂತಲೇ ಆಯಿತು ಅಂದುಕೊಳ್ಳಿ. ಕಣ್ಣಿಗೆ ಕಾಣುವ ತೂತಲ್ಲ. ಪೈಪುಗಳನ್ನು ಒಂದಕ್ಕೊಂದು ಜೋಡಿಸುವ ಅಗಲ ಅಂಚುಗಳಾದ ಎರಡು ಫ್ಲ್ಯಾಂಜ್‌ಗಳ ನಡುವೆ ಓ-ರಿಂಗ್ ಇರುತ್ತದೆ, ಕುಕ್ಕರಿನ ಗ್ಯಾಸ್ಕೆಟ್ ಇದ್ದ ಹಾಗೆ. ಅದರ ಮೇಲೆ ಒಂದು ಕೂದಲು ಬಿದ್ದಿದ್ದರೂ ಸಾಕು. ಇದನ್ನು ಹಿಡಿಯಲು, ಛೇಂಬರ್ ಒಳಗೆ ಬಂದ ಹೀಲಿಯಂ ಗುರುತಿಸುವ ಹೀಲಿಯಂ ಲೀಕ್ ಡಿಟೆಕ್ಟರ್ ಬಳಸುತ್ತಾರೆ. ಗಾಳಿಯಲ್ಲಿ ಹೀಲಿಯಂ ಇರುವುದು ಹತ್ತು ಲಕ್ಷದಲ್ಲಿ ಸುಮಾರು 5 ಪಾಲು ಮಾತ್ರ. ಹಾಗಾಗಿ ಒಳಗೆ ಹೀಲಿಯಂ ಜಾಸ್ತಿ ಕಂಡರೆ ಅದು ನಾವು ಹೊರಗಿನಿಂದ ಬಿಟ್ಟದ್ದೇ ಇರಬೇಕು. ಸಣ್ಣ ನಳಿಕೆಯಿಂದ ಒಂದೊಂದೇ ಜಾಯಿಂಟಿಗೆ ಹೀಲಿಯಂ ತಾಗಿಸುತ್ತಾ ಹೋಗಬೇಕು. ಮೇಲಿನಿಂದ ಶುರು ಮಾಡಬೇಕು, ಯಾಕೆಂದರೆ ಹಗುರವಾದ ಹೀಲಿಯಂ ಮೇಲಕ್ಕೇರುತ್ತದೆ. ಕೆಳಗಿನಿಂದ ಶುರು ಮಾಡಿದರೆ ಕೆಳಗೆ ಬಿಟ್ಟ ಹೀಲಿಯಂ ಏರಿ ಮೇಲಿನ ತೂತಿಗೆ ಹೊಕ್ಕು, ತಪ್ಪು ಜಾಯಿಂಟನ್ನು ಬಿಚ್ಚಿ ಕೂರುವ ಹಾಗಾಗುತ್ತದೆ. ಸೆಕೆಂಡಿಗೆ ನೂರು ಕೋಟಿಯ ಒಂದು ಪಾಲು ಮಿಲಿಬಾರ್-ಲೀಟರ್‌ನಷ್ಟು ಸಣ್ಣ ಲೀಕನ್ನೂ ಈ ಯಂತ್ರ ಹಿಡಿಯುತ್ತದೆ. ಅಷ್ಟು ಸಣ್ಣ ದಾರಿಯಲ್ಲಿ ಒಂದು ಘನ ಸೆಂಟಿಮೀಟರ್ ಗಾಳಿ ಒಳಗೆ ಬರಲು ಸುಮಾರು 30 ವರ್ಷ ಬೇಕು.

ಇನ್ನೊಂದು ಮೋಸದ ಲೀಕ್ ಇದೆ. ಹೀಲಿಯಂ ಎಷ್ಟು ಬಿಟ್ಟರೂ ಏನೂ ತೋರಿಸುವುದಿಲ್ಲ, ಒತ್ತಡ ಮಾತ್ರ ಇಳಿಯುವುದಿಲ್ಲ. ಛೇಂಬರ್ ಒಳಗೆ ಯಾರೋ ತಳ ಮುಚ್ಚಿದ ರಂಧ್ರಕ್ಕೆ ಮಾಮೂಲಿ ಸ್ಕ್ರೂ ಬಿಗಿದಿರುತ್ತಾರೆ. ಸ್ಕ್ರೂ ತುದಿಯ ಕೆಳಗೆ ಸಿಕ್ಕಿಕೊಂಡ ಚೂರು ಗಾಳಿ ಸ್ಕ್ರೂವಿನ ಸುರುಳಿ ಗೆರೆಗಳ ನಡುವೆ ದಾರಿ ಮಾಡಿಕೊಂಡು ನಿಧಾನವಾಗಿ ಸೋರುತ್ತಾ ಇರುತ್ತದೆ. ಮಧ್ಯದಲ್ಲಿ ತೂತು ಕೊರೆದ ಸ್ಕ್ರೂ ಹಾಕಿದರೆ ಈ ತೊಂದರೆ ಇಲ್ಲ. ಇದನ್ನು ಒಮ್ಮೆ ಪತ್ತೆ ಹಚ್ಚಿದವರು ಮತ್ತೆ ಯಾವತ್ತೂ ಮರೆಯುವುದಿಲ್ಲ.

ಈಗ ಯೋಚಿಸಿ. ಅನಿಲಗಳ ಚಲನೆಯ ಸಿದ್ಧಾಂತ, ಗ್ರಾಫ್ ಓದುವುದು, ಫಿಟ್ಟರ್ ಕೆಲಸ, ಲೋಹಗಳ ಗುಣ, ಎಲೆಕ್ಟ್ರಾನಿಕ್ಸ್ ಎಲ್ಲವೂ ಒಂದು ಮಧ್ಯಾಹ್ನದ ಕೆಲಸದಲ್ಲಿ ಬಂತು. ಈ ತರಬೇತಿ ಕಷ್ಟವಾಗುವುದು ಇಲ್ಲೇ. ಬಿಎಸ್‌ಸಿ ಮಾಡಿದವರಿಗೆ ಸಿದ್ಧಾಂತ ಗೊತ್ತು, ಸ್ಪ್ಯಾನರ್ ಹಿಡಿದು ರೂಢಿ ಇಲ್ಲ. ಐಟಿಐ ಮಾಡಿದವರ ಕೈ ಪಳಗಿರುತ್ತದೆ, ಗ್ರಾಫ್ ಯಾಕೆ ಬಾಗಿತು ಅಂತ ಯಾರೂ ಹೇಳಿಕೊಟ್ಟಿರುವುದಿಲ್ಲ. ಡಿಪ್ಲೊಮಾದವರು ಎರಡರ ನಡುವೆ ಇರುತ್ತಾರೆ. ಯಾವ ದಾರಿಯಿಂದ ಬಂದರೂ ಇನ್ನರ್ಧವನ್ನು ಕೆಲಸಕ್ಕೆ ಸೇರಿದ ಮೇಲೆಯೇ ಕಲಿಯಬೇಕಾಗುತ್ತದೆ. ಇದನ್ನು ಮೊದಲೇ ತಿಳಿದುಕೊಂಡರೆ ಧೈರ್ಯ ಕೆಡುವುದಿಲ್ಲ.

ಅಡಿಪಾಯ ಮಾತ್ರ ಎಲ್ಲರಿಗೂ ಒಂದೇ, ಅಳತೆ. ಪಿಯುಸಿ ಲ್ಯಾಬ್‌ನಲ್ಲಿ ಸ್ಕ್ರೂ ಗೇಜ್ ಹಿಡಿದಿದ್ದು ನೆನಪಿದೆಯಾ? ಅದರ ಲೀಸ್ಟ್ ಕೌಂಟ್, ಅಂದರೆ ಅದು ಅಳೆಯಬಲ್ಲ ಅತಿ ಸಣ್ಣ ಅಳತೆ, 0.01 ಮಿಲಿಮೀಟರ್. ಮೊದಲು ಝೀರೋ ಎರರ್ (ಏನೂ ಹಿಡಿಯದಿದ್ದಾಗಲೂ ತೋರಿಸುವ ತಪ್ಪು ಅಂಕಿ) ನೋಡಬೇಕು ಅಂತ ಮೇಷ್ಟ್ರು ಹೇಳಿರುತ್ತಾರೆ. ನಾವು ಪಕ್ಕದವರ ರೆಕಾರ್ಡ್ ನೋಡಿ ಬರೆದು ಮಾರ್ಕ್ಸ್ ತಗೊಂಡಿರುತ್ತೇವೆ. ಈ ವೃತ್ತಿಯಲ್ಲಿ ಆ ಝೀರೋ ಎರರ್ ಪ್ರತಿದಿನ ಎದುರಿಗೆ ಬರುತ್ತದೆ. ಪಿರಾನಿ ಗೇಜ್ ಅಂತ ಒಂದಿದೆ. ಬಿಸಿ ತಂತಿಯಿಂದ ಅನಿಲ ಎಷ್ಟು ಶಾಖ ಒಯ್ಯುತ್ತದೆ ಅನ್ನುವುದರ ಮೇಲೆ ಅದು ಒತ್ತಡ ಹೇಳುತ್ತದೆ. ಅದನ್ನು ಸಾಮಾನ್ಯವಾಗಿ ಸಾರಜನಕಕ್ಕೆ ಹೊಂದಿಸಿರುತ್ತಾರೆ. ಒಳಗೆ ಆರ್ಗಾನ್ ಅಥವಾ ಹೀಲಿಯಂ ಇದ್ದರೆ ಅದು ತೋರಿಸುವ ಅಂಕಿಯನ್ನು ಹಾಗೇ ನಂಬುವ ಹಾಗಿಲ್ಲ. ಉಷ್ಣಾಂಶ ಅಳೆಯುವ ಥರ್ಮೋಕಪಲ್ ಕೂಡ ಹಾಗೆಯೇ. ಕೆ-ಟೈಪ್ ತಂತಿ ಒಂದು ಡಿಗ್ರಿಗೆ ಕೊಡುವುದು ಸುಮಾರು 40 ಮೈಕ್ರೋವೋಲ್ಟ್. ಪಕ್ಕದಲ್ಲಿ ಮೋಟರ್ ಕೇಬಲ್ ಹಾದುಹೋಗಿದ್ದರೆ ಅದರ 50 ಹರ್ಟ್ಸ್ ಗದ್ದಲ ಇದಕ್ಕಿಂತ ಎಷ್ಟೋ ಜಾಸ್ತಿ ಇರಬಹುದು. ಅರ್ಥಿಂಗ್ ಸರಿ ಮಾಡುವುದು, ಕೇಬಲ್‌ಗೆ ಶೀಲ್ಡ್ ಹಾಕುವುದು, ಬೆಸುಗೆ ಗಟ್ಟಿಯಾಗಿ ಕೂರಿಸುವುದು ಇವೆಲ್ಲ ನೋಡಲು ಸಣ್ಣ ಕೆಲಸಗಳು. ಇವು ಸರಿ ಇಲ್ಲದಿದ್ದರೆ ಎಷ್ಟು ದುಬಾರಿ ಉಪಕರಣವೂ ಕಸದ ಅಂಕಿಯನ್ನೇ ಕೊಡುತ್ತದೆ.

ಇದರ ಜೊತೆಗೆ ಇಂಜಿನಿಯರಿಂಗ್ ಡ್ರಾಯಿಂಗ್ ಓದಲು ಬರಬೇಕು. ಲೇತ್‌ನಲ್ಲಿ ಏನು ಆಗುತ್ತದೆ, ಏನು ಆಗುವುದಿಲ್ಲ ಅಂತ ಗೊತ್ತಿರಬೇಕು. ಸ್ವಲ್ಪ ಪೈಥಾನ್ ಬಂದರೆ ರಾತ್ರಿಯಿಡೀ ಕೂತು ರೀಡಿಂಗ್ ಬರೆಯುವುದು ತಪ್ಪುತ್ತದೆ.

ಲಾಗ್‌ಬುಕ್ ಬಗ್ಗೆ ಮಾತ್ರ ಬಿಡಿಸಿ ಹೇಳಬೇಕು, ಯಾಕೆಂದರೆ ಅದನ್ನು ಯಾರೂ ಪಾಠ ಅಂತ ಕಲಿಸುವುದಿಲ್ಲ. "9.40: ರೋಟರಿ ಆನ್. 9.55: 0.03 ಮಿಲಿಬಾರ್. 10.05: ಹೈ ವ್ಯಾಕ್ಯೂಮ್ ವಾಲ್ವ್ ತೆರೆದೆ. ನಿನ್ನೆಗಿಂತ ನಿಧಾನ. ಬಾಗಿಲಿನ ಓ-ರಿಂಗ್ ಬದಲಿಸಿಲ್ಲ." ಇಷ್ಟು ಬರೆದಿದ್ದರೆ ಮೂರು ತಿಂಗಳ ನಂತರ ಬರುವವರು ಏನಾಗಿತ್ತು ಅಂತ ತಿಳಿಯಬಹುದು. "ವ್ಯಾಕ್ಯೂಮ್ ಸರಿ ಇಲ್ಲ" ಅಂತ ಸುಮ್ನೆ ಬರೆದರೆ ಯಾರಿಗೂ ಉಪಯೋಗವಿಲ್ಲ. ಒಬ್ಬ ತಂತ್ರಜ್ಞರ ಗುಣಮಟ್ಟ ಅಳೆಯಬೇಕಾದರೆ ನಾನು ಮೊದಲು ಅವರ ಲಾಗ್‌ಬುಕ್ಕನ್ನೇ ತೆರೆಯುತ್ತೇನೆ.

ಸುರಕ್ಷತೆಯೂ ತರಬೇತಿಯ ದೊಡ್ಡ ಭಾಗ. ದ್ರವ ಸಾರಜನಕದ ಉಷ್ಣಾಂಶ ಮೈನಸ್ 196 ಡಿಗ್ರಿ. ಆದರೆ ಚಳಿಗಿಂತ ಹೆಚ್ಚು ಅಪಾಯ ಅದು ಆವಿಯಾಗುವುದರಲ್ಲಿದೆ. ಒಂದು ಲೀಟರ್ ದ್ರವ ಸುಮಾರು 700 ಲೀಟರ್ ಅನಿಲವಾಗುತ್ತದೆ. ಮುಚ್ಚಿದ ಕೋಣೆಯಲ್ಲಿ ಅದು ಆಮ್ಲಜನಕವನ್ನು ಪಕ್ಕಕ್ಕೆ ತಳ್ಳುತ್ತದೆ. ವಾಸನೆ ಇಲ್ಲ, ಕೆಮ್ಮು ಬರುವುದಿಲ್ಲ, ಮನುಷ್ಯ ನೇರವಾಗಿ ಪ್ರಜ್ಞೆ ತಪ್ಪುತ್ತಾನೆ. ಹಾಗಾಗಿ ದ್ರವ ಸಾರಜನಕದ ಪಾತ್ರೆಯ ಜೊತೆ ಲಿಫ್ಟ್‌ನಲ್ಲಿ ಯಾರೂ ಹೋಗಬಾರದು. ಹೈ ವೋಲ್ಟೇಜ್ ಸಪ್ಲೈ ಆಫ್ ಮಾಡಿದ ಮೇಲೂ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತದೆ, ಅರ್ಥ್ ರಾಡ್ ತಾಗಿಸದೆ ಕೈ ಹಾಕಬಾರದು. ಲೇಸರ್ ಟೇಬಲ್ ಹತ್ತಿರ ಹೋಗುವ ಮೊದಲು ಉಂಗುರ, ವಾಚು ಬಿಚ್ಚಿಡಬೇಕು, ಇಲ್ಲದಿದ್ದರೆ ಪ್ರತಿಫಲಿಸಿದ ಕಿರಣ ಕಣ್ಣಿಗೆ ಬೀಳಬಹುದು. ವಿಕಿರಣ ಇರುವ ಕಡೆ ಎದೆಗೆ, ಮೈಗೆ ತಾಗಿದ ವಿಕಿರಣವನ್ನು ಅಳೆಯುವ, ಟಿಎಲ್‌ಡಿ ಬ್ಯಾಡ್ಜ್ ಕಡ್ಡಾಯ. ಭಾರತದಲ್ಲಿ ವಿಕಿರಣ ಕೆಲಸಗಾರರಿಗೆ 5 ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ಮೈಗೆ ತಾಗುವ ವಿಕಿರಣದ ಅಳತೆ), ಯಾವುದೇ ಒಂದು ವರ್ಷದಲ್ಲಿ 30 ಮಿಲಿಸೀವರ್ಟ್ ಮೀರಬಾರದು ಅಂತ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮ ಇದೆ.

ಇನ್ನು ದಾರಿಗಳು. ಎಸ್ಸೆಸ್ಸೆಲ್ಸಿ ಆದ ಮೇಲೆ ಐಟಿಐನಲ್ಲಿ ಫಿಟ್ಟರ್, ಎಲೆಕ್ಟ್ರಾನಿಕ್ ಮೆಕ್ಯಾನಿಕ್, ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್ ಇವು ಎರಡು ವರ್ಷದ ಟ್ರೇಡ್‌ಗಳು. ಫ್ರಿಜ್, ಎಸಿ ರಿಪೇರಿಯ ಟ್ರೇಡನ್ನು ಯಾರೂ ಭೌತವಿಜ್ಞಾನದ ಜೊತೆ ಸೇರಿಸಿ ನೋಡುವುದಿಲ್ಲ. ಆದರೆ ಪೈಪಿನಿಂದ ಗಾಳಿ ತೆಗೆಯುವುದು, ಲೀಕ್ ಹುಡುಕುವುದು, ತಾಮ್ರದ ಪೈಪಿಗೆ ಬ್ರೇಜಿಂಗ್ ಮಾಡುವುದು ಅವರಿಗೆ ದಿನದ ಕೆಲಸ. ವ್ಯಾಕ್ಯೂಮ್ ಮತ್ತು ಶೈತ್ಯದ ಲ್ಯಾಬ್‌ಗೆ ಬೇಕಾಗಿರುವುದೂ ಅದೇ ಕೈ.

ಪಾಲಿಟೆಕ್ನಿಕ್ ಡಿಪ್ಲೊಮಾ ಮೂರು ವರ್ಷ. ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್, ಇನ್‌ಸ್ಟ್ರುಮೆಂಟೇಷನ್ ಮೂರೂ ಇದಕ್ಕೆ ಹೊಂದುತ್ತವೆ. ಮುಂದೆ ಓದಬೇಕು ಅನಿಸಿದರೆ ಡಿಪ್ಲೊಮಾದವರ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದು ಇಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ಸರ್ಕಾರದ ಜಿಟಿಟಿಸಿ (ಗವರ್ನಮೆಂಟ್ ಟೂಲ್ ರೂಮ್ ಅಂಡ್ ಟ್ರೈನಿಂಗ್ ಸೆಂಟರ್) ಬಗ್ಗೆ ನನಗೆ ಹೆಚ್ಚು ಅಭಿಮಾನ. ಡೆನ್ಮಾರ್ಕ್ ಸರ್ಕಾರದ ಸಹಕಾರದಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಈ ಟೂಲ್ ರೂಮ್‌ಗೆ ಈಗ ರಾಜ್ಯದ ಹಲವು ಊರುಗಳಲ್ಲಿ ಕೇಂದ್ರಗಳಿವೆ. ಅಲ್ಲಿನ ಟೂಲ್ ಅಂಡ್ ಡೈ ಡಿಪ್ಲೊಮಾದಲ್ಲಿ ಮೂರು ವರ್ಷದ ಓದಿನ ಮೇಲೆ ಒಂದು ವರ್ಷ ಕಾರ್ಖಾನೆಯಲ್ಲೇ ತರಬೇತಿ. ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು) ಲೆಕ್ಕದಲ್ಲಿ ಯೋಚಿಸುವ ಅಭ್ಯಾಸ ಅಲ್ಲಿ ಬರುತ್ತದೆ.

ಭೌತವಿಜ್ಞಾನ ತಗೊಂಡು ಬಿಎಸ್‌ಸಿ ಮಾಡಿದವರಿಗೂ ಬಾಗಿಲು ತೆರೆದೇ ಇದೆ. ಭಾಭಾ ಪರಮಾಣು ಸಂಶೋಧನಾ ಕೇಂದ್ರ, ಅಂದರೆ ಬಾರ್ಕ್, ಸ್ಟೈಪೆಂಡಿಯರಿ ಟ್ರೈನಿ ಅಂತ ತಗೊಳ್ಳುತ್ತದೆ. ಕೆಟಗರಿ ಒಂದಕ್ಕೆ ಡಿಪ್ಲೊಮಾ ಅಥವಾ ಬಿಎಸ್‌ಸಿ, ಕೆಟಗರಿ ಎರಡಕ್ಕೆ ಐಟಿಐ ಅಥವಾ ವಿಜ್ಞಾನದ ಪಿಯುಸಿ. ತರಬೇತಿಯ ಹೊತ್ತಿನಲ್ಲೇ ತಿಂಗಳಿಗೆ ಸ್ಟೈಪೆಂಡ್ ಸಿಗುತ್ತದೆ. ಮುಗಿಸಿದ ಮೇಲೆ ಮೊದಲನೆಯವರು ಸೈಂಟಿಫಿಕ್ ಅಸಿಸ್ಟೆಂಟ್ ಆಗುತ್ತಾರೆ, ಎರಡನೆಯವರು ಟೆಕ್ನಿಷಿಯನ್. ಕೈಗಾ ಅಣು ವಿದ್ಯುತ್ ಸ್ಥಾವರವನ್ನು ನಡೆಸುವ ಎನ್‌ಪಿಸಿಐಎಲ್‌ನಲ್ಲೂ ಇದೇ ಥರದ ತರಬೇತಿ ಇದೆ. ವಯಸ್ಸಿನ ಮಿತಿಯನ್ನು ಮಾತ್ರ ಮೊದಲೇ ನೋಡಿಕೊಳ್ಳಿ. ಮೀಸಲಾತಿಯ ರಿಯಾಯಿತಿ ಇಲ್ಲದವರಿಗೆ 25 ದಾಟಿದರೆ ಇಂಥ ಟ್ರೈನಿ ಹುದ್ದೆಗಳು ಕೈತಪ್ಪಿದ ಹಾಗೆಯೇ. "ಎಂಎಸ್‌ಸಿ ಮುಗಿಸಿ ನೋಡೋಣ" ಅಂತ ಕಾದು ಕೂತವರಿಗೆ ಇದು ತಡವಾಗಿ ತಿಳಿಯುತ್ತದೆ.

ಕೋರ್ಸ್ ಯಾವುದೇ ಇರಲಿ, ಸೇರುವ ಮೊದಲು ಕಾಲೇಜಿಗೆ ಹೋಗಿ ಲ್ಯಾಬ್ ನೋಡಿ ಬನ್ನಿ ಅಂತ ನಾನು ಎಲ್ಲ ಅಪ್ಪ ಅಮ್ಮಂದಿರಿಗೂ ಹೇಳುತ್ತೇನೆ. ಉಪಕರಣ ಬೀರುವಿನಲ್ಲಿ ಬೀಗ ಹಾಕಿಕೊಂಡು ಹೊಳೆಯುತ್ತಿದ್ದರೆ ಅದು ಒಳ್ಳೆಯ ಲಕ್ಷಣವಲ್ಲ. ಆಸಿಲೋಸ್ಕೋಪ್‌ನ ನಾಬ್ ಸವೆದಿದೆಯಾ ನೋಡಿ. ಕೊನೆಯ ವರ್ಷದ ಹುಡುಗ ಹುಡುಗಿಯರನ್ನು ಕೇಳಿ: ನೀವೇ ಬಿಚ್ಚಿ ಜೋಡಿಸಿದ ಯಂತ್ರ ಯಾವುದು? ಉತ್ತರ ಥಟ್ಟನೆ ಬಂದರೆ ಅಲ್ಲಿ ಕಲಿಕೆ ನಡೆಯುತ್ತಿದೆ. ಕೆಟ್ಟು ಬಿದ್ದ ಹಳೆ ರೋಟರಿ ಪಂಪ್ ಒಂದನ್ನು ಮಕ್ಕಳ ಕೈಗೆ ಕೊಟ್ಟು "ಸರಿ ಮಾಡಿ" ಅನ್ನುವ ಒಬ್ಬ ಮೇಷ್ಟ್ರು ಇದ್ದರೆ, ಆ ಕಾಲೇಜಿನ ಕಟ್ಟಡ ಹಳೆಯದಾದರೂ ಪರವಾಗಿಲ್ಲ.

ಸರ್ಟಿಫಿಕೇಟ್ ಕೈಗೆ ಬಂದ ತಕ್ಷಣ ಕಾಯಂ ಕೆಲಸ ಸಿಗುವುದಿಲ್ಲ ಅನ್ನುವುದನ್ನೂ ಹೇಳಬೇಕು. ಸಂಶೋಧನಾ ಸಂಸ್ಥೆಗಳಲ್ಲಿ ತುಂಬಾ ಜನ ಪ್ರಾಜೆಕ್ಟ್ ಅಸಿಸ್ಟೆಂಟ್ ಅಂತ ಗುತ್ತಿಗೆಯಲ್ಲಿ ಶುರು ಮಾಡುತ್ತಾರೆ. ಪ್ರಾಜೆಕ್ಟ್ ಮುಗಿದರೆ ಕೆಲಸವೂ ಮುಗಿಯುತ್ತದೆ. ಲ್ಯಾಬ್ ನಡೆಯುವುದು ಇವರ ಕೈಯಿಂದ, ಆದರೂ ಇವರ ಬದುಕು ಹೀಗೆ ತೂಗಾಡುತ್ತದೆ. ಇದು ಬದಲಾಗಲೇಬೇಕು. ಆದರೂ ಆ ಒಂದೆರಡು ವರ್ಷ ವ್ಯರ್ಥವಲ್ಲ. ಒಳ್ಳೆಯ ಲ್ಯಾಬ್‌ನಲ್ಲಿ ಪಂಪ್, ಗೇಜ್, ಲೀಕ್ ಡಿಟೆಕ್ಟರ್ ಜೊತೆ ಕಳೆದ ಸಮಯಕ್ಕೆ ಖಾಸಗಿ ಕಂಪನಿಗಳಲ್ಲಿ ಬೆಲೆ ಇದೆ. ಚಿಪ್ ತಯಾರಿಸುವ ಯಂತ್ರಗಳ ಒಳಗೂ ಇದೇ ವ್ಯಾಕ್ಯೂಮ್ ಛೇಂಬರ್, ಇದೇ ತೆಳು ಪದರ. ಕನ್ನಡಕದ ಗಾಜಿಗೆ ಕೋಟಿಂಗ್ ಹಾಕುವ ಘಟಕದಲ್ಲೂ ಅದೇ.

ಇನ್ನೊಂದು ತೊಡಕು ಹೆಸರಿನದು. "ಅನ್ವಯಿಕ ಭೌತವಿಜ್ಞಾನದ ತಂತ್ರಜ್ಞರು ಬೇಕಾಗಿದ್ದಾರೆ" ಅಂತ ಯಾವ ಜಾಹೀರಾತಿನಲ್ಲೂ ಬರುವುದಿಲ್ಲ. ಇಸ್ರೋ ಪ್ರಕಟಣೆಯಲ್ಲಿ ಡಿಪ್ಲೊಮಾದವರಿಗೆ ಟೆಕ್ನಿಕಲ್ ಅಸಿಸ್ಟೆಂಟ್, ಬಿಎಸ್‌ಸಿಯವರಿಗೆ ಸೈಂಟಿಫಿಕ್ ಅಸಿಸ್ಟೆಂಟ್, ಐಟಿಐಯವರಿಗೆ ಟೆಕ್ನಿಷಿಯನ್-ಬಿ ಅಂತ ಇರುತ್ತದೆ. ಡಿಆರ್‌ಡಿಒದಲ್ಲಿ ಸೀನಿಯರ್ ಟೆಕ್ನಿಕಲ್ ಅಸಿಸ್ಟೆಂಟ್-ಬಿ ಮತ್ತು ಟೆಕ್ನಿಷಿಯನ್-ಎ. ಬಿಇಎಲ್‌ನಲ್ಲಿ ಇಂಜಿನಿಯರಿಂಗ್ ಅಸಿಸ್ಟೆಂಟ್ ಟ್ರೈನಿ. ಖಾಸಗಿ ಕಂಪನಿಯಾದರೆ ಫೀಲ್ಡ್ ಸರ್ವಿಸ್ ಇಂಜಿನಿಯರ್, ಪ್ರೊಸೆಸ್ ಟೆಕ್ನಿಷಿಯನ್, ಲ್ಯಾಬ್ ಟೆಕ್ನಿಷಿಯನ್ ಅಂತೆಲ್ಲ ಕರೆಯುತ್ತಾರೆ. ಹುಡುಕುವಾಗ ಈ ಹೆಸರುಗಳನ್ನೇ ಹಾಕಿ ಹುಡುಕಿ. ಅರ್ಜಿಯಲ್ಲಿ "ವ್ಯಾಕ್ಯೂಮ್ ಗೊತ್ತು" ಅಂತ ಬರೆಯಬೇಡಿ. ಯಾವ ಪಂಪ್, ಎಷ್ಟು ಲೀಟರ್‌ನ ಛೇಂಬರ್, ಎಷ್ಟು ಒತ್ತಡಕ್ಕೆ ಇಳಿಸಿದಿರಿ, ಲೀಕ್ ಎಲ್ಲಿತ್ತು, ಹೇಗೆ ಹಿಡಿದಿರಿ ಅಂತ ನಾಲ್ಕು ಸಾಲು ಬರೆಯಿರಿ. ಸಂದರ್ಶನದಲ್ಲಿ ಎದುರು ಕೂತವರು ಬಹುತೇಕ ಅಲ್ಲಿಂದಲೇ ಪ್ರಶ್ನೆ ಶುರು ಮಾಡುತ್ತಾರೆ.